ಸೈಕಲ್ಲಿಗೊಂದು ಸರಪಳಿ ಕೀಲಿ

"ಕಂಪನಿಯವರೇ ಹಿಂದಿನ ಗಾಲಿಗೆ ಕೀಲಿ ಕೂಡಿಸಿ ಕೊಟ್ಟಾರ, ಮತ್ತೊಂದು ಯಾಕ?" ಎನ್ನುವ ತಾಯಂದಿರು ನಮ್ಮ ಕಡೆ ಬಹಳ. ಆ ಕೀಲಿ ಗಾಲಿಯನ್ನು ತಿರುಗಗೊಡುವುದಿಲ್ಲ, ಅಷ್ಟೇ. ಸೈಕಲ್ಲನ್ನೇ ಎತ್ತಿ ಟೆಂಪೋದಾಗ ಹಾಕಿಕೊಂಡು ಹೋದರೆ ಅದೇನು ಮಾಡೀತು? ಮಗಳ ಕಾಲೇಜು, ಟ್ಯೂಶನ್ನು ಸೈಕಲ್ಲಿನ ಮೇಲೇ ನಡೆದಿರುವಾಗ ಅದು ಹೋಯಿತೆಂದರೆ, "ಇನ್ನ ಸಾಕು, ಮನ್ಯಾಗ ಇರು" ಎಂಬ ಮಾತು ಕೆಲವು ಮನೆಗಳಲ್ಲಿ ಬಂದೇಬಿಡುತ್ತದೆ.

ಹುಬ್ಬಳ್ಳಿಯ ದುರ್ಗದಬೈಲಿಗೋ ಧಾರವಾಡದ ಸುಭಾಸ ರೋಡಿಗೋ ಪ್ಯಾಟಿಗೆಂದು ಹೋದಾಗ ಒಂದು ಸರಪಳಿ ಕೀಲಿ ತನ್ನಿರಿ. ಬಣ್ಣದ ಪ್ಲಾಸ್ಟಿಕ್ ಹೊದಿಸಿದ ತೆಳು ತಂತಿಯದು ಬೇಡ. ಚಂದ ಕಾಣುತ್ತದೆ, ಸಣ್ಣ ಕಟರ್‌ಗೂ ತುಂಡಾಗುತ್ತದೆ. ಗಟ್ಟಿ ಉಕ್ಕಿನ ಕೊಂಡಿ 6 ಮಿಲಿಮೀಟರಾದರೂ ದಪ್ಪವಿರಲಿ. 8 ಮಿಲಿಮೀಟರಿನದು ಇನ್ನೂ ಭದ್ರ, ಆದರೆ ಒಂದು ಕಿಲೋ ಮೀರಿ ತೂಗುತ್ತದೆ; ಭಾರವೆಂದು ಹುಡುಗಿ ಮನೆಯಲ್ಲೇ ಬಿಟ್ಟು ಹೋದರೆ ಏನು ಬಂತು! ಉದ್ದ ಒಂದು ಗಜ ಸಾಕು. ಮೇಲೆ ಬಟ್ಟೆಯ ಗವಸಿದ್ದರೆ ಸೈಕಲ್ಲಿನ ಬಣ್ಣ ಕೆಡದು.

ಹಾಕುವ ರೀತಿಯೂ ಮುಖ್ಯ. ಹಿಂದಿನ ಗಾಲಿ, ಫ್ರೇಮು, ನೆಲದಲ್ಲಿ ಹುಗಿದ ಎತ್ತರದ ಕಂಬ ಮೂರನ್ನೂ ಸೇರಿಸಿ ಬಿಗಿಯಾಗಿ ಸುತ್ತಬೇಕು. ಸರಪಳಿ ನೆಲಕ್ಕೆ ಜೋತುಬಿದ್ದರೆ ಕಲ್ಲಿನ ಮೇಲಿಟ್ಟು ಜಜ್ಜುವುದು ಸುಲಭ. ಕೀಲಿಯ ತೂತು ಕೆಳಮುಖವಾಗಿರಲಿ, ಧಾರವಾಡದ ಜಿಟಿಜಿಟಿ ಮಳೆ ಒಳಗಿಳಿಯದು. ತಿಂಗಳಿಗೊಮ್ಮೆ ಹೊಲಿಗೆ ಮಷಿನ್ನಿನ ಎಣ್ಣೆ ಎರಡು ಹನಿ.

2006-07ರಿಂದ ಸರಕಾರ ಎಂಟನೆಯ ತರಗತಿಯವರಿಗೆ ಹಂಚಿದ ಸೈಕಲ್ಲುಗಳಂತೂ ಒಂದರಂತೆ ಒಂದು. ಪೆಡಲಿನ ಅಚ್ಚಿನ ಕೆಳಗೋ ಸೀಟಿನ ಕೆಳಗೋ ಒತ್ತಿರುವ ಫ್ರೇಮ್ ನಂಬರನ್ನು ಮನೆ ಲೆಕ್ಕದ ವಹಿಯಲ್ಲಿ ಬರೆದಿಡಿರಿ; ಠಾಣೆಯಲ್ಲಿ ಗುರುತು ಹೇಳಲು ಬೇಕು. ಎರಡನೆಯ ಕೀಲಿಕೈಯೂ ಆ ವಹಿಯ ಜೊತೆಗೇ ಇರಲಿ.