ಮುಚ್ಚಿಟ್ಟ ಹಾಡೇ ಗೆದ್ದಿತು!

ರಾಕ್ ಸಂಗೀತದ ಹುಚ್ಚಿರುವ ಮಿತ್ರರೇ, ಈ ವಾರ ಲಾಸ್ ಏಂಜಲೀಸ್‌ಗೆ ಹೋಗೋಣ. ಅಲ್ಲಿನ 'ರೆಡ್ ಹಾಟ್ ಚಿಲಿ ಪೆಪ್ಪರ್ಸ್' ಅಂದ್ರೆ ಫಂಕ್ ತಾಳ, ರಾಕ್ ಗಿಟಾರ್, ಅಂಗಿ ಬಿಚ್ಚಿ ಕುಣಿತ! ಹೆಸರಿನಷ್ಟೇ ಖಾರ.

1988ರಲ್ಲಿ ಈ ತಂಡದ ಗಿಟಾರ್ ವಾದಕ ಹಿಲೆಲ್ ಸ್ಲೊವಾಕ್ ಹೆರಾಯಿನ್‌ಗೆ ಬಲಿಯಾದ. ಗಾಯಕ ಆಂಥೊನಿ ಕೀಡಿಸ್ ಚಟ ಬಿಟ್ಟ. ಬಿಟ್ಟ ಮೇಲೆ ಗೆಳೆಯರ ನಡುವೆಯೇ ಒಂಟಿಯಾದ! ಆ ಸಂಕಟವನ್ನೇ ಕವನ ಮಾಡಿ, ತಂಡಕ್ಕೆ ಇದು ತೀರಾ ಮೆದು ಅಂತ ಪುಸ್ತಕದಲ್ಲೇ ಮುಚ್ಚಿಟ್ಟ. ಅದು ಆಲ್ಬಂ ನಿರ್ಮಾಪಕ ರಿಕ್ ರೂಬಿನ್ ಕಣ್ಣಿಗೆ ಬಿತ್ತು. ಆತ ಬಿಡ್ತಾನಾ?

1992ರ ಮಾರ್ಚ್‌ನಲ್ಲಿ 'ಅಂಡರ್ ದಿ ಬ್ರಿಡ್ಜ್' ಸಿಂಗಲ್ ಆಗಿ ಬಂತು. ಅಮೆರಿಕದ ಬಿಲ್‌ಬೋರ್ಡ್ ಪಟ್ಟಿಯಲ್ಲಿ 2ನೇ ಸ್ಥಾನ! ಮೊದಲ ಸ್ಥಾನವನ್ನು ಮಾತ್ರ 'ಕ್ರಿಸ್ ಕ್ರಾಸ್' ಹುಡುಗರ 'ಜಂಪ್' ಬಿಟ್ಟುಕೊಡಲಿಲ್ಲ.

ಆದರೆ ಮುಂದೆ ಕೇಳಿ... ಆ ಹಾಡಿಗೆ ಗಿಟಾರ್ ನುಡಿಸಿದ್ದ ಜಾನ್ ಫ್ರುಶಾಂಟೆಗೆ ಆಗಿನ್ನೂ 22 ವಯಸ್ಸು. ಬಂದ ಹೆಸರೇ ಹೊರೆಯಾಯ್ತು. ಮೇ ತಿಂಗಳಲ್ಲಿ, ಜಪಾನ್ ಪ್ರವಾಸದ ಮಧ್ಯದಲ್ಲೇ ತಂಡ ಬಿಟ್ಟ. ಕೊನೆಗೆ ಅದೇ ಹೆರಾಯಿನ್‌ಗೆ ಸಿಕ್ಕಿಬಿದ್ದ. ಚೇತರಿಸಿಕೊಂಡು ತಂಡಕ್ಕೆ ಮರಳಿದ್ದು 1998ರಲ್ಲಿ!

ಜಾನ್ ಬದುಕಿ ಬಂದ. ಹಿಲೆಲ್ ಬರಲಿಲ್ಲ. ಶಿಳ್ಳೆ ಹೊಡೀರಿ ಗೆಳೆಯರೇ, ಧಾರಾಳವಾಗಿ ಹೊಡೀರಿ. ಹಾಡನ್ನು ತಲೆಗೇರಿಸಿಕೊಳ್ಳಿ, ಅಮಲನ್ನಲ್ಲ!