ಪ್ರಯೋಗಶಾಲೆಯ ಹಕ್ಕಿಜ್ವರಕ್ಕೆ ಕಾವಲು ಯಾರು?

ಕೋಳಿ ಸಾಕುವ ನಮ್ಮ ಒಕ್ಕಲುಮಕ್ಕಳಿಗೂ ಅಮೇರಿಕದ ಪ್ರಯೋಗಶಾಲೆಗೂ ಏನು ಸಂಬಂಧವೆಂದು ವಾಚಕರು ಕೇಳಬಹುದು. ಸಂಬಂಧವಿದೆ. 2006ರ ಫೆಬ್ರುವರಿಯಲ್ಲಿ ಮಹಾರಾಷ್ಟ್ರದ ನವಾಪುರದಲ್ಲಿ ಹಕ್ಕಿಜ್ವರವು ನಮ್ಮ ದೇಶದಲ್ಲಿ ಮೊದಲ ಸಲ ಕಾಣಿಸಿಕೊಂಡಾಗ ಲಕ್ಷಗಟ್ಟಲೆ ಕೋಳಿಗಳನ್ನು ಕೊಂದು ಹೂಳಬೇಕಾಯಿತು. ರೋಗದ ಸುಳಿವೇ ಇಲ್ಲದ ದೂರದ ಊರುಗಳಲ್ಲಿಯೂ ಕೋಳಿ ಮೊಟ್ಟೆಗಳ ಬೆಲೆ ಕುಸಿಯಿತು. ಆ ವಿಷಾಣುವಿಗೆ ಎಚ್‌5ಎನ್‌1 ಎಂದು ಹೆಸರು. ಮನುಷ್ಯರಿಗೆ ಅದು ತಗಲುವುದು ಅಪರೂಪ. ಒಬ್ಬರಿಂದೊಬ್ಬರಿಗೆ ಸುಲಭವಾಗಿ ಹರಡದಿರುವುದು ನಮ್ಮೆಲ್ಲರ ಪುಣ್ಯ.

2011ರಲ್ಲಿ ಹಾಲೆಂಡಿನ ರಾನ್ ಫೌಶಿಯೇ ಅವರೂ ಅಮೇರಿಕದ ವಿಸ್ಕಾನ್ಸಿನ್ ವಿಶ್ವವಿದ್ಯಾಲಯದ ಯೊಶಿಹಿರೊ ಕವಾಓಕ ಅವರೂ ಇದೇ ವಿಷಾಣುವಿನ ಗುಣ ಬದಲಿಸಿ, ಮುಂಗುಸಿಯನ್ನು ಹೋಲುವ ಫೆರೆಟ್ ಎಂಬ ಪ್ರಾಣಿಗಳಲ್ಲಿ ಗಾಳಿಯಿಂದಲೇ ಹರಡುವಂತೆ ಮಾಡಿದರು. ಉದ್ದೇಶ ಕೆಟ್ಟದ್ದಲ್ಲ. ಯಾವ ಬದಲಾವಣೆ ಅಪಾಯಕಾರಿಯೆಂದು ಮೊದಲೇ ತಿಳಿದಿದ್ದರೆ ಕೋಳಿಗಳಲ್ಲಿ ಅದನ್ನು ಹುಡುಕಿ ಎಚ್ಚರಗೊಳ್ಳಬಹುದೆಂಬುದು ಅವರ ವಾದ. ಆದರೆ ಇದು ಬೇಕೇ ಬೇಡವೇ ಎಂಬ ದೊಡ್ಡ ಚರ್ಚೆ ಎದ್ದದ್ದು ಲೇಖನಗಳು ಅಚ್ಚಿಗೆ ಹೋಗುವ ಹೊತ್ತಿಗೆ! ವಿವರಗಳನ್ನು ಬಿಟ್ಟು ಅಚ್ಚು ಮಾಡಿರೆಂದು ಅಮೇರಿಕದ ಸಲಹಾ ಮಂಡಲಿ ಹೇಳಿತು, ಕೆಲವೇ ತಿಂಗಳಲ್ಲಿ ಮನಸ್ಸು ಬದಲಿಸಿತು, 2012ರಲ್ಲಿ ಎರಡೂ ಪ್ರಕಟವಾದವು. ಊರು ಕೊಳ್ಳೆ ಹೋದ ಮೇಲೆ ಕೋಟೆ ಬಾಗಿಲು ಹಾಕಿದ ಕಥೆ.

ಪ್ರಯೋಗಶಾಲೆ ಭದ್ರವಾಗಿರುವಾಗ ಭಯವೇಕೆ ಎನ್ನುವವರಿಗೆ 2014ರ ಒಂದು ಸಂಗತಿ ಹೇಳಬೇಕು. ಅಮೇರಿಕದ ರೋಗನಿಯಂತ್ರಣ ಕೇಂದ್ರವು ಮಾರ್ಚಿಯಲ್ಲಿ ಅಲ್ಲಿನ ಕೃಷಿ ಇಲಾಖೆಯ ಕೋಳಿ ಸಂಶೋಧನಾಲಯಕ್ಕೆ ಸೌಮ್ಯ ಜಾತಿಯ ವಿಷಾಣುವೊಂದನ್ನು ಕಳುಹಿಸಿತು. ಅದನ್ನು ಕೊಟ್ಟ ಕೋಳಿಗಳು ಸತ್ತವು. ಪರೀಕ್ಷಿಸಿದರೆ ಅದರಲ್ಲಿ ಮಾರಕ ಎಚ್‌5ಎನ್‌1 ಬೆರೆತಿತ್ತು. ಕನಿಷ್ಠ 90 ನಿಮಿಷ ಹಿಡಿಯಬೇಕಾದ ಕೆಲಸವನ್ನು ಅವಸರದಲ್ಲಿ 51 ನಿಮಿಷಕ್ಕೆ ಮುಗಿಸಿದ್ದರೆಂದು ಆಮೇಲಿನ ವಿಚಾರಣೆ ತಿಳಿಸಿತು. ಮೇ ತಿಂಗಳಲ್ಲಿಯೇ ತಿಳಿದ ಈ ತಪ್ಪು ಕೇಂದ್ರದ ಮುಖ್ಯಾಧಿಕಾರಿಯ ಕಿವಿಗೆ ಬಿದ್ದದ್ದು ಜುಲೈಯಲ್ಲಿ. ಸುದೈವದಿಂದ ಮನುಷ್ಯರಾರಿಗೂ ರೋಗ ತಗಲಲಿಲ್ಲ. ಜಗತ್ತಿನ ಅತ್ಯುತ್ತಮ ಪ್ರಯೋಗಶಾಲೆಗಳಲ್ಲೊಂದರ ಪಾಡಿದು. ತಪ್ಪನ್ನು ಹೊರಗೆ ಹಾಕಿದ್ದು ಪಾಪದ ಕೋಳಿಗಳು.

ಅದೇ ವರ್ಷ ಅಕ್ಟೋಬರಿನಲ್ಲಿ ಅಮೇರಿಕ ಸರಕಾರ ಇಂಥ ಪ್ರಯೋಗಗಳಿಗೆ ಹೊಸ ಧನಸಹಾಯ ನಿಲ್ಲಿಸಿತು. 2017ರ ಡಿಸೆಂಬರಿನಲ್ಲಿ, ಹಣ ಕೊಡುವ ಮುನ್ನವೇ ಪರಿಶೀಲಿಸುವ ಸಮಿತಿಯ ಏರ್ಪಾಡಿನೊಡನೆ ಆ ತಡೆ ತೆಗೆಯಿತು. ಏರ್ಪಾಡು ಒಳ್ಳೆಯದೇ. ಆದರೆ ಸಮಿತಿಯ ಸದಸ್ಯರ ಹೆಸರೂ ಗುಟ್ಟು, ಚರ್ಚೆಯೂ ಗುಟ್ಟು. ಮೇಲೆ ಹೇಳಿದ ಇಬ್ಬರ ಪ್ರಯೋಗಗಳಿಗೆ ಮತ್ತೆ ಅನುಮತಿ ದೊರೆತದ್ದು ಜನಕ್ಕೆ ತಿಳಿದದ್ದು 2019ರಲ್ಲಿ, ಅದೂ ಒಂದು ಪತ್ರಿಕೆಯಿಂದ. 2024ರಲ್ಲಿ ಇನ್ನೂ ವಿಶಾಲವಾದ ನೀತಿ ಹೊರಬಿತ್ತು. ಅದು ಜಾರಿಗೆ ಬರುವ ಹಿಂದಿನ ದಿನ, 2025ರ ಮೇ 5ರಂದು, ಅದನ್ನು ಬದಲಿಸಲು ಅಧ್ಯಕ್ಷರ ಆಜ್ಞೆಯಾಯಿತು.

ಸಂಶೋಧನೆಯೇ ಬೇಡವೆನ್ನುವವರು ನಾವಲ್ಲ. ನವಾಪುರದ ರೋಗವನ್ನು ಗುರುತಿಸಿದ್ದೂ ಭೋಪಾಲದ ಪ್ರಯೋಗಶಾಲೆಯೇ. ಇರುವ ವಿಷಾಣುವನ್ನು ಗುರುತಿಸುವುದು ಬೇರೆ, ಇಲ್ಲದ ಗುಣವನ್ನು ಅದಕ್ಕೆ ಕಲಿಸುವುದು ಬೇರೆ. ಎರಡನೆಯದಕ್ಕೆ ಕೆಲಸ ಆರಂಭವಾಗುವ ಮೊದಲೇ ಹೊರಗಿನವರ ಒಪ್ಪಿಗೆ ಬೇಕು. ಒಪ್ಪಿದವರ ಹೆಸರು, ಕಾರಣ ಎರಡೂ ಬಹಿರಂಗವಾಗಬೇಕು. ತಪ್ಪಾದರೆ ತಿಂಗಳುಗಟ್ಟಲೆ ಮುಚ್ಚಿಡದೆ ಪಶುಪಾಲನಾ ಇಲಾಖೆಗೆ ಕೂಡಲೇ ತಿಳಿಸುವ ಕಟ್ಟಳೆ ಬೇಕು. ನಮ್ಮ ದೇಶದಲ್ಲಿ 1989ರ ನಿಯಮಗಳಂತೆ ಇಂಥ ಕೆಲಸ ನೋಡಿಕೊಳ್ಳಲು ಸಮಿತಿಗಳಿವೆ. ಆ ಸಮಿತಿಗಳಲ್ಲಿ ಕೋಳಿ ಸಾಕುವವರ ಕಷ್ಟ ಬಲ್ಲ ಒಬ್ಬ ಪಶುವೈದ್ಯರಿಗಾದರೂ ಸ್ಥಾನವಿರಲಿ ಎಂದು ನಾವು ಕೇಳುತ್ತೇವೆ.