ಅರ್ಜುನ ಟ್ಯಾಂಕು ತಡವಾದುದೇಕೆ?

ಚರಿತ್ರೆ, ಅರ್ಥಶಾಸ್ತ್ರಗಳನ್ನು ಓದುವ ಬಿ.ಎ. ವಿದ್ಯಾರ್ಥಿಗೆ ಯುದ್ಧ ಟ್ಯಾಂಕಿನ ಗೊಡವೆ ಏತಕ್ಕೆ ಎಂದು ಮಿತ್ರರು ಕೇಳದೆ ಇರಲಾರರು. ನಮ್ಮ ಚರ್ಚಾಕೂಟದಲ್ಲಿ ಸ್ವದೇಶಿ ಶಸ್ತ್ರಾಸ್ತ್ರಗಳ ವಿಷಯವಾಗಿ ವಾದ ನಡೆದಾಗ ಒಂದು ಪಕ್ಷದವರು ಅರ್ಜುನ ಟ್ಯಾಂಕನ್ನು ಹೊಗಳಿ ಅಟ್ಟಕ್ಕೇರಿಸಿದರು. ಇನ್ನೊಂದು ಪಕ್ಷದವರು ಅದನ್ನೇ ನಮ್ಮ ಕೈಲಾಗದತನಕ್ಕೆ ಸಾಕ್ಷಿಯೆಂದು ಎತ್ತಿ ಆಡಿದರು. ಇಬ್ಬರಿಗೂ ಚಪ್ಪಾಳೆ ಬಿತ್ತು. ಹಿಂದಿನ ಬೆಂಚಿನಲ್ಲಿ ಕುಳಿತಿದ್ದ ನನಗೆ ಎರಡು ಮಾತೂ ಒಪ್ಪಿಗೆಯಾಗಲಿಲ್ಲ. ಆದರೆ ಎದ್ದು ಹೇಳುವ ಧೈರ್ಯ ಅಂದು ಬರಲಿಲ್ಲ. ಆಗ ನುಂಗಿಕೊಂಡದ್ದನ್ನು ಈಗ ಬರೆಯುತ್ತಿದ್ದೇನೆ.

ನಮ್ಮ ತಾತ ಎತ್ತಿನ ಗಾಡಿ ಮಾಡುತ್ತಿದ್ದವರು. ತಂದೆಯವರು ಟ್ರ್ಯಾಕ್ಟರಿನ ಟ್ರೇಲರುಗಳಿಗೆ ವೆಲ್ಡಿಂಗ್ ಮಾಡುತ್ತಾರೆ. ಮನೆಯಲ್ಲಿ ಕಾಲೇಜಿನ ಮೆಟ್ಟಿಲು ಹತ್ತಿದವನು ನಾನೇ ಮೊದಲಿಗ. ಗಾಡಿ ಬೇಕೆಂದು ಬಂದ ರೈತನನ್ನು ತಾತ ಮೂರು ಮಾತು ಕೇಳುತ್ತಿದ್ದರಂತೆ: ಹೊರೆ ಏನು, ದಾರಿ ಯಾವುದು, ಎತ್ತು ಎಂಥವು? ಅಚ್ಚು ಕೂಡಿಸಿದ ಮೇಲೆ ಬಂದು ‘ಇನ್ನೊಂದಿಷ್ಟು ಕಬ್ಬು ಹೇರುವಂತೆ ಮಾಡಿ’ ಎಂದವನಿಗೆ ‘ಎತ್ತು ಬದಲಾಯಿಸ್ತೀಯೇನಪ್ಪಾ?’ ಎನ್ನುತ್ತಿದ್ದರಂತೆ.

ಟ್ಯಾಂಕಿನ ರಚನೆಯಲ್ಲಿಯೂ ಇರುವುದು ಈ ಮೂರು ಮಾತೇ. ಒಳಗಿನ ಸೈನಿಕರನ್ನು ಕಾಯಲು ಕವಚ ದಪ್ಪವಾಗಬೇಕು; ಶತ್ರುವಿನ ಕವಚವನ್ನು ಭೇದಿಸಲು ತೋಪು ದೊಡ್ಡದಾಗಬೇಕು. ಎರಡೂ ಆದರೆ ತೂಕ ಏರುತ್ತದೆ, ತೂಕ ಏರಿದರೆ ಎಂಜಿನ್ನಿನ ಬಲ ಏರಬೇಕು, ಬಲವಾದ ಎಂಜಿನ್ನಿಗೆ ಹೆಚ್ಚು ಜಾಗ ಬೇಕು, ಆ ಜಾಗದ ಸುತ್ತಲೂ ಕವಚ ಬೇಕು, ಮತ್ತೆ ತೂಕ. ಇದಲ್ಲದೆ ಗಾಡಿಯನ್ನು ಹೊರುವ ಸೇತುವೆಗಳೂ ಸಾಗಿಸುವ ರೈಲು ವ್ಯಾಗನುಗಳೂ ಇವೆ. ಆದುದರಿಂದ ಟ್ಯಾಂಕು ಮಾಡುವವನಿಗೆ ಮೊದಲು ತಿಳಿಯಬೇಕಾದುದು ಕೇಳುವವನಿಗೆ ಏನು ಬೇಕೆಂಬುದು. ಅರ್ಜುನನ ಕಥೆಯಲ್ಲಿ ಎಡವಿದ್ದು ಇಲ್ಲಿಯೇ ಎಂದು ನನ್ನ ಅಭಿಪ್ರಾಯ.

ಅದಕ್ಕೆ ಮೊದಲು ಮದರಾಸಿನ ಬಳಿಯ ಆವಡಿಯ ಕಾರ್ಖಾನೆಯಲ್ಲಿ ಬ್ರಿಟನ್ನಿನ ವಿಕರ್ಸ್ ಕಂಪನಿಯ ವಿನ್ಯಾಸದಂತೆ ‘ವಿಜಯಂತ’ ಟ್ಯಾಂಕುಗಳು ತಯಾರಾಗುತ್ತಿದ್ದವು. ಅನ್ಯರ ನಕ್ಷೆ ಸಾಕು, ನಮ್ಮದೇ ಆಗಲಿ ಎಂದು 1974ರಲ್ಲಿ ಸರ್ಕಾರ 15.50 ಕೋಟಿ ರೂಪಾಯಿಗಳಿಗೆ ಮಂಜೂರಾತಿ ಕೊಟ್ಟಿತು. ಆವಡಿಯ ಸಂಶೋಧನಾಲಯ ಕೆಲಸಕ್ಕೆ ತೊಡಗಿತು. ಮೊದಲು ಮನಸ್ಸಿನಲ್ಲಿದ್ದುದು ಸುಮಾರು 40 ಟನ್ನಿನ, 105 ಮಿಲಿಮೀಟರ್ ತೋಪಿನ ಗಾಡಿ. ನೆರೆಹೊರೆಯ ಸೇನೆಗಳ ಬಲ ಬೆಳೆದಂತೆ ನಮ್ಮ ಸೇನೆಯ ಬೇಡಿಕೆಯೂ ಬೆಳೆಯಿತು. ತೋಪು 120 ಮಿಲಿಮೀಟರಿಗೆ ಏರಿತು. ಗಾಡಿಯ ತೂಕ ಕಡೆಗೆ 58.5 ಟನ್ನಿಗೆ ಬಂದು ನಿಂತಿತು. 1995ರಲ್ಲಿ ಯೋಜನೆಯ ಲೆಕ್ಕ ಮುಗಿಸುವ ವೇಳೆಗೆ ಮಂಜೂರಾದ ಹಣ 305.60 ಕೋಟಿ. ಹಳೆಯ ವ್ಯಾಗನುಗಳಲ್ಲಿ ಹಿಡಿಸದ ಈ ಅಗಲದ ಗಾಡಿಗೆ ಬೇರೆ ವ್ಯಾಗನುಗಳನ್ನೇ ಮಾಡಿಸಬೇಕಾಯಿತು.

ಸೇನೆಯವರು ಬೇಡಿಕೆ ಬದಲಾಯಿಸಿದ್ದೇ ತಪ್ಪೆಂದು ಕೆಲವರು ಬರೆಯುತ್ತಾರೆ. ಅದು ಅರ್ಧ ಮಾತು. ನಮ್ಮ ಸೋದರಮಾವ ರಾಜಸ್ಥಾನದ ಮರಳಿನಲ್ಲಿ ಟಿ-72 ಟ್ಯಾಂಕು ಓಡಿಸಿ ನಿವೃತ್ತರಾದವರು. ಈ ವಿಷಯ ತೆಗೆದಾಗ ಅವರು, ‘ಭರವಸೆ ಹತ್ತಿಕೊಂಡು ಯುದ್ಧಕ್ಕೆ ಹೋಗೋಕಾಗಲ್ಲ ಕಣೋ. ಅವತ್ತು ಯಾವ ಗಾಡಿ ಹೊರಡುತ್ತೋ ಅದೇ ಗಾಡಿ’ ಎಂದರು. ಈ ಮಾತಿಗೆ ನನ್ನಲ್ಲಿ ಉತ್ತರವಿರಲಿಲ್ಲ. ಸಂಶೋಧನಾಲಯದವರೂ ಕೇಳಿದ್ದಕ್ಕೆಲ್ಲ ಆಗುತ್ತದೆ, ಆಗುತ್ತದೆ ಎನ್ನುತ್ತಲೇ ಬಂದರು. ‘ಎತ್ತು ಬದಲಾಯಿಸ್ತೀಯಾ’ ಎಂದು ನಿಷ್ಠುರವಾಗಿ ಕೇಳುವವರು ಅಲ್ಲಿ ಬೇಕಾಗಿದ್ದರು.

ಎತ್ತಿನ ಮಾತು ಬಂದುದರಿಂದ ಹೇಳುತ್ತೇನೆ: ಇಡೀ ಕಥೆಯಲ್ಲಿ ನನಗೆ ಅತ್ಯಂತ ಬೇಸರ ತಂದ ಸಂಗತಿ ಎಂಜಿನ್ನಿನದು. 1,500 ಅಶ್ವಶಕ್ತಿಯ ಎಂಜಿನ್ನನ್ನು ನಾವೇ ಮಾಡುವೆವೆಂದು ಹೊರಟರು, ಅದು ಕೈಗೂಡಲಿಲ್ಲ. ಸದ್ಯಕ್ಕಿರಲಿ ಎಂದು ಜರ್ಮನಿಯಿಂದ ತರಿಸಿದ 1,400 ಅಶ್ವಶಕ್ತಿಯ ಎಂಜಿನ್ನೂ ಅಲ್ಲಿಯದೇ ಗೇರುಪೆಟ್ಟಿಗೆಯೂ ಕಾಯಂ ಆಗಿ ಉಳಿದುಬಿಟ್ಟವು. ಕವಚದ ಮಾತು ಹಾಗಲ್ಲ. ಹೈದರಾಬಾದಿನ ಲೋಹ ಸಂಶೋಧನಾಲಯದವರು ಅದನ್ನು ತಾವೇ ಸಾಧಿಸಿ ತಮ್ಮ ಬಡಾವಣೆಯಾದ ಕಾಂಚನ್ ಬಾಗಿನ ಹೆಸರಿನಿಂದ ‘ಕಾಂಚನ್’ ಎಂದು ಕರೆದರು. ನಮ್ಮವರಿಗೆ ಬುದ್ಧಿಯಿಲ್ಲವೆಂದು ಚರ್ಚಾಕೂಟದಲ್ಲಿ ಆಡಿದ ಮಿತ್ರರು ಇದನ್ನು ಗಮನಿಸಬೇಕು. ಎಲ್ಲವೂ ನಮ್ಮದೇ ಎಂದು ಮೇಜು ಕುಟ್ಟಿದ ಮಿತ್ರರು ಎಂಜಿನ್ನನ್ನು ಗಮನಿಸಬೇಕು.

ಎಂಜಿನ್ನು ಹೊರಗಿನದಾದ ಮಾತ್ರಕ್ಕೆ ಕೆಲಸ ಕೆಡಲೇಬೇಕೆಂದೂ ಇಲ್ಲ. ಇಸ್ರೇಲನ್ನು ನೋಡಿ. 1969ರಲ್ಲಿ ಬ್ರಿಟನ್ನು ತನ್ನ ಚೀಫ್‌ಟನ್ ಟ್ಯಾಂಕುಗಳನ್ನು ಮಾರಲು ಹಿಂತೆಗೆದ ಮೇಲೆ ಆ ಪುಟ್ಟ ದೇಶ ಸ್ವಂತ ಟ್ಯಾಂಕಿಗೆ ಕೈಹಾಕಿ, 1979ರಲ್ಲಿ ‘ಮೆರ್ಕಾವಾ’ವನ್ನು ಸೇನೆಗೆ ಸೇರಿಸಿತು. ಅದರ ಎಂಜಿನ್ನು ಅಮೆರಿಕದ್ದು. ಆದರೆ ರಚನೆಯ ಮುಂದಾಳು ಇಸ್ರೇಲ್ ತಾಲ್ ಎಂಬ ಸೇನಾಪತಿ, ಸ್ವತಃ ಟ್ಯಾಂಕು ದಳಗಳನ್ನು ಯುದ್ಧದಲ್ಲಿ ನಡೆಸಿದವನು. ಸಿಬ್ಬಂದಿಯ ಪ್ರಾಣ ಮೊದಲು ಎಂದು ನಿಶ್ಚಯಿಸಿ ಎಂಜಿನ್ನನ್ನೇ ಗಾಡಿಯ ಮುಂಭಾಗಕ್ಕೆ ತಂದು ಕೂರಿಸಿದರು. ಗುಂಡು ಬಂದರೆ ಮೊದಲು ಎಂಜಿನ್ನಿಗೆ ತಗುಲಲಿ ಎಂದು. ಅದಕ್ಕಾಗಿ ಬೇರೆ ಅನುಕೂಲಗಳನ್ನು ಬಿಟ್ಟುಕೊಟ್ಟರು. ಮೊದಲನೆಯದನ್ನು ಸೇನೆಗೆ ಕೊಟ್ಟು, ಬಳಸಿ, ಕೊರತೆ ಕಂಡು, ಎರಡನೆಯದನ್ನೂ ಮೂರನೆಯದನ್ನೂ ಮಾಡಿದರು. ಆವಡಿಯಲ್ಲಿ ಸೇನಾಧಿಕಾರಿಗಳು ಇರಲೇ ಇಲ್ಲವೆಂದು ನಾನು ಹೇಳುವುದಿಲ್ಲ. ಕೇಳುವ ಹೊಣೆಯೂ ಮಾಡುವ ಹೊಣೆಯೂ ಒಬ್ಬರ ಹೆಗಲ ಮೇಲೆ ಇರಲಿಲ್ಲ, ಅಷ್ಟೆ.

ಗಾಡಿ ಸಿದ್ಧವಾದ ಮೇಲೂ ನಾವು ಜಿಪುಣತನ ಬಿಡಲಿಲ್ಲ. 2000ದಲ್ಲಿ 124 ಅರ್ಜುನಗಳಿಗೆ ಆದೇಶವಾಯಿತು. ಮೊದಲ ಕಂತು ಸೇನೆಯ ಕೈಸೇರಿದ್ದು 2004ರಲ್ಲಿ. ಈ ನಡುವೆ 2001ರಲ್ಲಿ ರಷ್ಯದ ಟಿ-90 ಟ್ಯಾಂಕುಗಳನ್ನು 310 ಕೊಳ್ಳಲು ಒಪ್ಪಂದವಾಗಿ, ಮುಂದೆ ಅವು ಸಾವಿರವನ್ನು ಮೀರಿದವು. ಆ ಪರದೇಶದ ಗಾಡಿಗಳ ರಾತ್ರಿ ನೋಟದ ಉಪಕರಣಗಳೂ ರಾಜಸ್ಥಾನದ ಬಿಸಿಲಿಗೆ ಕೈಕೊಟ್ಟವು. ಆದರೂ ಅವನ್ನು ಇಟ್ಟುಕೊಂಡೇ ಸರಿಪಡಿಸಿದೆವು. ಮನೆಯ ಮಗನಿಗೆ ಮಾತ್ರ ಅಂತಹ ಸಲುಗೆ ಸಿಗಲಿಲ್ಲ. 2010ರ ಮಾರ್ಚಿಯಲ್ಲಿ ಎರಡನ್ನೂ ಮರುಭೂಮಿಯಲ್ಲಿ ಜೊತೆಗೆ ಪರೀಕ್ಷಿಸಿದಾಗ ಅರ್ಜುನ ಹಿಂದೆ ಬೀಳಲಿಲ್ಲವೆಂದು ವರದಿಗಳು ಬಂದವು. ನೂರಿಪ್ಪತ್ತನಾಲ್ಕು ಗಾಡಿಗಳಿಗಾಗಿ ಯಾವ ಕಾರ್ಖಾನೆಯವನು ಬಿಡಿಭಾಗಗಳನ್ನು ಮಾಡುತ್ತ ಕುಳಿತಾನು? ಭಾಗಗಳಿಲ್ಲದೆ ಅರ್ಜುನಗಳು ಹಲವು ಕಾಲ ನಿಂತೇ ಇದ್ದವು. ಮುಂದಿನ ಆದೇಶ ಬಂದುದು 2021ರ ಸೆಪ್ಟೆಂಬರಿನಲ್ಲಿ: ಸುಧಾರಿಸಿದ 118 ಗಾಡಿಗಳು, 7,523 ಕೋಟಿ ರೂಪಾಯಿ, ತಲಾ ತೂಕ ಸುಮಾರು 68 ಟನ್ನು. ಎಂಜಿನ್ನು ಮತ್ತೆ ಜರ್ಮನಿಯದೇ.

ಕೊರತೆಯಿರುವ ಗಾಡಿಯನ್ನು ಸೈನಿಕನಿಗೆ ಕೊಡುವುದು ಪಾಪವಲ್ಲವೆ ಎಂದು ನಮ್ಮ ಅಧ್ಯಾಪಕರೊಬ್ಬರು ಕೇಳಿದರು. ಯುದ್ಧದ ದಿನ ಕೊಡುವುದು ಪಾಪವೇ ಸರಿ. ಶಾಂತಿಯ ದಿನಗಳಲ್ಲಿ ಒಂದು ದಳಕ್ಕೆ ಕೊಟ್ಟು, ಮಾಡಿದವನು ಅದೇ ದಳದ ಷೆಡ್ಡಿನಲ್ಲಿ ವರ್ಷಗಟ್ಟಲೆ ಮಲಗೆದ್ದು ಸರಿಪಡಿಸಲಿ ಎಂದೇ ನಾನು ಹೇಳುವುದು. ಎಲ್ಲವೂ ಸರಿಯಾದ ಮೇಲೆ ಕೊಳ್ಳುತ್ತೇವೆಂದು ಕಾಯುವುದರೊಳಗೆ ‘ಸರಿ’ ಎಂಬುದರ ಅರ್ಥವೇ ಬದಲಾಗಿರುತ್ತದೆ.

ಕಲಾ ವಿಭಾಗದವರಿಗೆ ಇದರಲ್ಲಿ ಪಾಲಿಲ್ಲವೆಂದು ತಿಳಿಯಬೇಡಿ. ಏನು ಬೇಕೆಂದು ಬರೆಯುವ ಕಾಗದ, ಹಣ ಮಂಜೂರು ಮಾಡುವ ಟಿಪ್ಪಣಿ, ಎಷ್ಟು ಗಾಡಿ ಸಾಕೆಂಬ ನಿರ್ಧಾರ ಇವು ಎಂಜಿನಿಯರರ ಮೇಜಿನಲ್ಲಿ ಮಾತ್ರ ಹುಟ್ಟುವುದಿಲ್ಲ. ಸರ್ಕಾರಿ ಪರೀಕ್ಷೆಗಳಿಗೆ ಅರ್ಜಿ ಹಾಕಿಕೊಂಡಿರುವ ನಾವೇ ನಾಳೆ ಇಂತಹ ಕಡತಗಳನ್ನು ಮೇಲಕ್ಕೆ ಕಳಿಸುವವರು, ಇಲ್ಲವೆ ಕೆಳಗೆ ಇಟ್ಟುಕೊಳ್ಳುವವರು. ನನ್ನ ಅರ್ಜಿಯೂ ಹೋಗಿದೆ.

2024ರ ಮಾರ್ಚಿ 20ರಂದು ನಮ್ಮ ಮೈಸೂರಿನಲ್ಲಿಯೇ, ಬೆಮೆಲ್ ಕಾರ್ಖಾನೆಯ ಎಂಜಿನ್ ವಿಭಾಗದಲ್ಲಿ, ಟ್ಯಾಂಕುಗಳಿಗಾಗಿ ದೇಶದಲ್ಲೇ ಮಾಡಿದ 1,500 ಅಶ್ವಶಕ್ತಿಯ ಎಂಜಿನ್ನನ್ನು ಮೊದಲ ಬಾರಿ ಚಾಲೂ ಮಾಡಿ ಪರೀಕ್ಷಿಸಿದರು. ಮೊದಲ ಮಂಜೂರಾತಿಯಿಂದ ಎಣಿಸಿದರೆ ಐವತ್ತು ವರ್ಷ. ಆ ಸುದ್ದಿಯನ್ನು ಪತ್ರಿಕೆಯಲ್ಲಿ ಕಂಡು ಹಿಗ್ಗಿ, ಕತ್ತರಿಸಿಕೊಂಡು ಹೋಗಿ ಮಾವನಿಗೆ ತೋರಿಸಿದೆ. ಅವರು ಕನ್ನಡಕ ಹಾಕಿಕೊಂಡು ನಿಧಾನವಾಗಿ ಓದಿದರು.

‘ಬಿಸಿಲಲ್ಲಿ ಎಷ್ಟು ಗಂಟೆ ಓಡಿತಂತೆ?’ ಎಂದರು.

ಪತ್ರಿಕೆಯಲ್ಲಿ ಅದನ್ನು ಬರೆದಿರಲಿಲ್ಲ.